ಎಮು ಯಾರಿಗೂ ಬೇಡ

ಹುಬ್ಬಳ್ಳಿಯಿಂದ ಅಣ್ಣಿಗೇರಿ ಕಡೆ ಹೋಗುವ ರಸ್ತೆ ಪಕ್ಕ ನಮ್ಮ ಎರಡು ಎಕರೆ ಎರಿ ಹೊಲ. ಅಲ್ಲಿ 2015ರಿಂದ ಐದು ವರ್ಷ ಒಂದು ಪ್ರಾಣಿ ತೋಟ ನಡೆಸಿದೆ. ತೆರೆಯೋಕೆ ಮೂರು ತಿಂಗಳು ಸಾಕಾಯಿತು. ಮುಚ್ಚೋದು ಇನ್ನೂ ಪೂರ್ತಿ ಮುಗಿದಿಲ್ಲ.

ಕೇಂದ್ರ ಮೃಗಾಲಯ ಪ್ರಾಧಿಕಾರದ ಮಾನ್ಯತೆ ಇಲ್ಲದೆ ಝೂ ನಡೆಸುವ ಹಾಗಿಲ್ಲ. ಅದಕ್ಕೇ ಬೋರ್ಡಿನಲ್ಲಿ ಝೂ ಅಂತ ಬರೆಸಲಿಲ್ಲ, ಕಾಡುಪ್ರಾಣಿ ತರಲೂ ಇಲ್ಲ. ಮೊಲ, ಗಿನಿ ಪಿಗ್, ಟರ್ಕಿ ಕೋಳಿ, ಲವ್ ಬರ್ಡ್ಸ್, ಕಾಕಟೀಲ್ ಅನ್ನುವ ಜುಟ್ಟಿನ ಗಿಳಿ, ಮತ್ತೆ ಆರು ಎಮು, ಅಂದರೆ ಆಸ್ಟ್ರೇಲಿಯಾದ ಹಾರಲಾರದ ದೊಡ್ಡ ಹಕ್ಕಿ. ಎಮು ಹೆಚ್ಚುಕಡಿಮೆ ಪುಕ್ಕಟೆ ಸಿಕ್ಕವು. 2012ರಲ್ಲಿ ತಮಿಳುನಾಡಿನ ಪೆರುಂದುರೈ ಕಡೆ ರೈತರಿಂದ ಎಮು ಸಾಕಿಸುತ್ತಿದ್ದ ಕಂಪನಿ ಮುಳುಗಿದ ಮೇಲೆ ಸಾಕಿದವರಿಗೆಲ್ಲ ಅವು ತಲೆನೋವಾಗಿದ್ದವು. ಹಾವೇರಿ ಕಡೆಯ ರೈತರೊಬ್ಬರು, ಗಾಡಿ ಬಾಡಿಗೆ ನೀವು ಕೊಡ್ರಿ ಸಾಕು, ಅಂದರು. ಅವರು ಯಾಕೆ ಅಷ್ಟು ಖುಷಿಯಾಗಿದ್ದರು ಅಂತ ಆಗ ಯೋಚಿಸಬೇಕಿತ್ತು.

ದುಡ್ಡು ಬರುತ್ತಿದ್ದದ್ದು ಭಾನುವಾರ, ಮತ್ತೆ ಶಾಲೆಯವರು ಟ್ರಿಪ್ ಹೊರಡುವ ಎರಡು ಮೂರು ತಿಂಗಳು. ಹೊಟ್ಟೆ ಮಾತ್ರ ದಿನಾ ಹಸಿಯುತ್ತದೆ ಅಲ್ವಾ? ಹಕ್ಕಿಗೆ ನವಣೆ, ಕುಸುಬಿ. ಗಿನಿ ಪಿಗ್‌ಗೆ ಹಸಿರು ಸೊಪ್ಪು ಬೇಕೇ ಬೇಕು, ಅದರ ಮೈಯಲ್ಲಿ ವಿಟಮಿನ್ ಸಿ ತಯಾರಾಗೋದಿಲ್ಲ. ಎಮುಗೆ ಗೋವಿನಜೋಳದ ನುಚ್ಚು. ಏಪ್ರಿಲ್-ಮೇ ಬಿಸಿಲಿಗೆ ಮೊಲದ ಗೂಡಿನ ಮೇಲೆ ಒದ್ದೆ ಗೋಣಿಚೀಲ ಹಾಕಿ, ಗಂಟೆಗೊಮ್ಮೆ ನೀರು ಚಿಮುಕಿಸಬೇಕು. ಒಂದು ಮಧ್ಯಾಹ್ನ ಮದುವೆಗೆ ಹೋಗಿ ತಡವಾಗಿ ಬಂದೆ, ನಾಲ್ಕು ಮೊಲ ಸತ್ತಿದ್ದವು.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಯಿತು, ಗೇಟಿಗೆ ಬೀಗ ಬಿತ್ತು. ಮತ್ತೆ ತೆಗೆಯಲಿಲ್ಲ.

ಕಾಕಟೀಲ್ ವಾರದಲ್ಲೇ ಮಾರಾಟವಾದವು. ಮೊಲ, ಗಿನಿ ಪಿಗ್, ಟರ್ಕಿಯನ್ನು ಸಾಕುವವರು ಒಯ್ದರು. ಲವ್ ಬರ್ಡ್ಸ್ ಉಳಿದಾಗ ನಮ್ಮ ಮಾವ "ಬಿಟ್ಟಬಿಡಪಾ, ಹಾರಿ ಹೊಕ್ಕಾವು" ಅಂದರು. ಪಂಜರದಲ್ಲೇ ಹುಟ್ಟಿದ ಹಕ್ಕಿಗೆ ಕಾಳು ಹುಡುಕೋದು ಗೊತ್ತಿಲ್ಲ, ಸಂಜೆಯೊಳಗೆ ಕಾಗೆಯ ಪಾಲು. ನಾಲ್ಕು ಮನೆಗೆ ಹಂಚಿದೆ, ಪಂಜರ ಸಮೇತ. ಇದರ ನಡುವೆ ಯಾರೋ ರಾತ್ರಿ ಗೇಟಿನ ಹತ್ತಿರ ಎರಡು ಹಸಿರು ಗಿಳಿ, ಒಂದು ನಕ್ಷತ್ರ ಆಮೆ ಇಟ್ಟು ಹೋದರು. ಅವನ್ನು ಮನೆಯಲ್ಲಿ ಇಟ್ಟುಕೊಳ್ಳೋದು ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಬೆಳಿಗ್ಗೆಯೇ ಅರಣ್ಯ ಇಲಾಖೆಗೆ ಒಪ್ಪಿಸಿ ಕಾಗದದ ಮೇಲೆ ಸಹಿ ಮಾಡಿಸಿಕೊಂಡೆ. ನೀವೂ ಸಹಿ ಮಾಡಿಸಿಕೊಳ್ಳಿ, ಮರೆಯಬೇಡಿ.

ಉಳಿದದ್ದು ಎಮು. ಒಂದು ಝೂಗೆ ಫೋನ್ ಮಾಡಿದೆ, ಜಾಗ ಇಲ್ಲ ಅಂದರು. ರೆಸಾರ್ಟಿನವರು ನೋಡಿ ಫೋಟೋ ತೆಗೆದುಕೊಂಡು ಹೋದರು, ಅಷ್ಟೇ. ಡಿಸೆಂಬರಿನಲ್ಲಿ ಮೊಟ್ಟೆ ಬಂದವು, ಕಡುಹಸಿರು, ಒಂದೊಂದು ಅರ್ಧ ಕಿಲೋ ಮೇಲೆ. ಎಮುವಿನಲ್ಲಿ ಕಾವಿಗೆ ಕೂರೋದು ಗಂಡು. ಸುಮಾರು ಎಂಟು ವಾರ ಸರಿಯಾಗಿ ತಿನ್ನೋದೂ ಇಲ್ಲ. ಇದ್ದ ಆರಕ್ಕೇ ಕಾಳಿಲ್ಲ, ಇನ್ನು ಏಳು ಮರಿ ಎಲ್ಲಿಂದ ಸಾಕಲಿ? ಒಂದು ರಾತ್ರಿ ಅದನ್ನು ಪಕ್ಕಕ್ಕೆ ದೂಡಿ ಏಳೂ ಮೊಟ್ಟೆ ತೆಗೆದೆ. ಮರುದಿನ ನೋಡಿದರೆ ಬರೀ ಹುಲ್ಲಿನ ಮೇಲೆ ಕೂತಿತ್ತು. ಐದು ದಿನ ಹಾಗೇ ಕೂತಿತ್ತು.

ಇನ್ನೊಂದು ತಪ್ಪು ಗೂಡು ಬಿಚ್ಚುವಾಗ ಆಯಿತು. ಜಾಲರಿ ಕತ್ತರಿಸಿದ ತಂತಿಯ ಚೂರುಗಳು ನೆಲದಲ್ಲಿ ಮಿಂಚುತ್ತಿದ್ದವು. ಎಮು ಮಿಂಚಿದ್ದನ್ನೆಲ್ಲ ನುಂಗುತ್ತದೆ. ಒಂದು ಹೆಣ್ಣು ಮೂರು ದಿನ ತಲೆ ಎತ್ತದೆ ನಿಂತು ಸತ್ತಿತು. ದನದ ಡಾಕ್ಟರು ಹೊಟ್ಟೆ ಕೊಯ್ದು ತೋರಿಸಿದರು, ಬೊಗಸೆಯಷ್ಟು ತಂತಿ, ಎರಡು ಮೊಳೆ. ಗೂಡು ಬಿಚ್ಚೋ ಮೊದಲು ಪ್ರಾಣಿ ಸಾಗಿಸಬೇಕು, ನಾನು ಉಲ್ಟಾ ಮಾಡಿದ್ದೆ.

ಮೂರನ್ನು ಕುಂದಗೋಳ ಕಡೆಯ ಮಾವಿನ ತೋಟದವರು ಒಯ್ದರು. ಗಾಡಿ ಬಾಡಿಗೆ ನಾನೇ ಕೊಟ್ಟೆ. ಕಾವಿಗೆ ಕೂತಿದ್ದ ಗಂಡು, ಒಂದು ಹೆಣ್ಣು ಈಗಲೂ ಹೊಲದಲ್ಲಿವೆ. ಈ ಸಲ ಮೊಟ್ಟೆ ಬಂದರೆ ಎರಡು ಬಿಡೋಣ ಅಂದುಕೊಂಡಿದ್ದೇನೆ.