ಮ್ಯಾಮತ್ ದಂತದ ಮಣಿ: ಶಿಲಾಯುಗದವರು ಮಾಡುತ್ತಿದ್ದ ಬಗೆ

ಫ್ರಾನ್ಸಿನ ದೊರ್ದೋನ್ ಸೀಮೆಯಲ್ಲಿ ಕಾಸ್ತಾನೆ, ಬ್ಲಾಂಶಾರ್ ಎಂಬ ಎರಡು ಕಲ್ಲಾಸರೆಗಳಿವೆ (ಮುಂದಕ್ಕೆ ಚಾಚಿದ ಬಂಡೆಯ ಕೆಳಗಿನ ನೆಲೆಗಳು). 35,000 ವರ್ಷಗಳಿಗೂ ಹಿಂದೆ ಅಲ್ಲಿದ್ದವರು ಮ್ಯಾಮತ್ ಎಂಬ, ಈಗ ಅಳಿದುಹೋಗಿರುವ ಆನೆ ಜಾತಿಯ ಪ್ರಾಣಿಯ ದಂತದಿಂದ ಪುಟ್ಟ ಬುಟ್ಟಿಯ ಆಕಾರದ ಮಣಿಗಳನ್ನು ಮಾಡುತ್ತಿದ್ದರು. ಪೂರ್ಣಗೊಂಡ ಮಣಿಗಳ ಜೊತೆಗೆ ಅರ್ಧಕ್ಕೆ ಬಿಟ್ಟವು, ಮುರಿದವು, ಇನ್ನೂ ಕಡ್ಡಿಯಾಗಿಯೇ ಉಳಿದವು ಕೂಡ ಸಿಕ್ಕಿರುವುದರಿಂದ, ನ್ಯೂಯಾರ್ಕ್ ವಿಶ್ವವಿದ್ಯಾಲಯದ ಪುರಾತತ್ತ್ವಜ್ಞ ರಾಂಡಲ್ ವೈಟ್ ಅವರಿಗೆ ಆ ಕೆಲಸದ ಹಂತಗಳನ್ನು ಒಂದೊಂದಾಗಿ ಬಿಡಿಸಿ ನೋಡಲು ಸಾಧ್ಯವಾಯಿತು.

ಮೊದಲ ಕೆಲಸ ದಂತವನ್ನು ಸೀಳುವುದು. ದಂತವು ಒಂದರೊಳಗೊಂದು ಕೂರಿಸಿದ ಶಂಕುಗಳ ಹಾಗೆ ಪದರ ಪದರವಾಗಿ ಬೆಳೆಯುತ್ತದೆ. ಒಣಗಿದ ಮೇಲೆ ಆ ಪದರಗಳ ಗುಂಟವೇ ಸೀಳಿಕೊಳ್ಳುತ್ತದೆ. ಸೀಳನ್ನು ಹೆರೆದು ಪೆನ್ಸಿಲ್ ದಪ್ಪದ ಕಡ್ಡಿ ಮಾಡಿಕೊಂಡು, ಒಂದೆರಡು ಸೆಂಟಿಮೀಟರಿಗೊಂದರಂತೆ ಚಕಮಕಿ ಕಲ್ಲಿನ ಅಲಗಿನಿಂದ ಸುತ್ತಲೂ ಗೀರು ಹಾಕಿ, ಕಬ್ಬಿನ ಜಲ್ಲೆಯಂತೆ ತುಂಡು ತುಂಡಾಗಿ ಮುರಿಯುತ್ತಿದ್ದರು.

ಜಾಣ್ಮೆ ಕಾಣುವುದು ತೂತಿನಲ್ಲಿ. ತುಂಡಿನ ಒಂದು ತುದಿಯನ್ನು ತೆಳ್ಳಗೆ ತೊಟ್ಟಿನಂತೆ ಹೆರೆದು, ಇನ್ನೊಂದನ್ನು ಗುಂಡಗೆ ಬಿಡುತ್ತಿದ್ದರು. ತೊಟ್ಟು ಆ ಗುಂಡನೆಯ ಭಾಗಕ್ಕೆ ಸೇರುವ ಜಾಗದಲ್ಲಿ, ಬೈರಿಗೆಯಂತೆ ತಿರುಗಿಸಿ ಕೊರೆಯದೆ, ಎರಡೂ ಬದಿಯಿಂದ ಸ್ವಲ್ಪ ಸ್ವಲ್ಪವೇ ತೋಡುತ್ತ ಬಂದರೆ ಎರಡು ಕುಳಿಗಳು ನಡುವೆ ಕೂಡಿ ತೂತಾಗುತ್ತಿತ್ತು. ಕೈ ಜಾರಿದರೆ ತೂತಿನ ಸುತ್ತಲಿನ ಕೊಂಡಿಯೇ ಮುರಿದು ಅಷ್ಟು ಹೊತ್ತಿನ ಶ್ರಮ ಹಾಳು. ಆಮೇಲೆ ಉಜ್ಜಿ ದುಂಡಗೆ ಮಾಡಿ, ಹೆಮಟೈಟ್ ಪುಡಿಯಿಂದ ಹೊಳಪು ಕೊಡುತ್ತಿದ್ದರು. ನಮ್ಮ ಸಂಡೂರಿನ ಗಣಿಗಳಲ್ಲಿ ತೆಗೆಯುವ ಕೆಂಪು ಕಬ್ಬಿಣದ ಅದಿರೂ ಇದೇ ಹೆಮಟೈಟ್. (ಹಾಗೆಂದು ಯಾರೂ ಆನೆದಂತ ಹುಡುಕಲು ಹೊರಡಬಾರದು, ನಮ್ಮಲ್ಲಿ ಅದರ ವ್ಯಾಪಾರ ಅಪರಾಧ.)

ಇಂಥ ಮಣಿಗಳ ಬಳಕೆ ಕಣ್ಣಿಗೆ ಕಟ್ಟುವುದು ರಷ್ಯಾದ ವ್ಲಾದಿಮಿರ್ ನಗರದ ಬಳಿಯ ಸುಂಗೀರ್‌ನಲ್ಲಿ. ಸುಮಾರು 34,000 ವರ್ಷ ಹಳೆಯ ಅಲ್ಲಿನ ಸಮಾಧಿಗಳಲ್ಲಿ ಒಬ್ಬ ಗಂಡಸಿನ ಮೈಮೇಲೆ ಸುಮಾರು 3,000 ದಂತದ ಮಣಿಗಳು ಸಾಲುಸಾಲಾಗಿ ಬಿದ್ದಿದ್ದವು. ಬಟ್ಟೆ ಕರಗಿಹೋಗಿದ್ದರೂ, ಮಣಿಗಳನ್ನು ಅದಕ್ಕೆ ಹೊಲಿದಿದ್ದರೆಂಬುದನ್ನು ಆ ಸಾಲುಗಳೇ ಹೇಳುತ್ತವೆ. ತಲೆಗೆ ತಲೆ ತಾಗುವಂತೆ ಮಲಗಿಸಿದ್ದ ಇಬ್ಬರು ಮಕ್ಕಳ ಮೇಲಂತೂ ಒಟ್ಟು 10,000ಕ್ಕೂ ಹೆಚ್ಚು ಮಣಿಗಳಿದ್ದವು. ಒಂದು ಮಣಿಗೆ ಒಂದು ಗಂಟೆ ಎಂದು ಹಿಡಿದರೂ, ದಿನಕ್ಕೆ ಎಂಟು ಗಂಟೆಯಂತೆ ಒಬ್ಬನೇ ರಜೆಯಿಲ್ಲದೆ ದುಡಿದರೆ, ಮಕ್ಕಳ ಮಣಿಗಳಿಗೇ ಮೂರು ವರ್ಷ ದಾಟುತ್ತದೆ. ಅವರ ಮಣಿಗಳು ಗಂಡಸಿನವುಗಳ ಮೂರನೇ ಎರಡರಷ್ಟು ಗಾತ್ರದವು. ದೊಡ್ಡವರ ಉಡುಪಿನಿಂದ ಬಿಚ್ಚಿ ಕೊಟ್ಟವಲ್ಲ, ಆ ಪುಟ್ಟ ಮೈಗಳಿಗೆಂದೇ ಅಳತೆ ನೋಡಿ ಕೆತ್ತಿದವು ಎಂದೇ ತೋರುತ್ತದೆ.