ಸ್ಕ್ಯಾನಿಂಗ್ ಚೀಟಿ ಕೈಗೆ ಬಂದಾಗ: ಹುಬ್ಬಳ್ಳಿ-ಧಾರವಾಡಕ್ಕೆ ಹೊಸದಾಗಿ ಬಂದ ಕುಟುಂಬಗಳಿಗೆ

ಮೊದಲು ಇಲ್ಲಿನ ಮಾತು ತಿಳಿದಿರಲಿ. ಈ ಕಡೆ ಡಾಕ್ಟರು ‘ಫೋಟೋ ತೆಗಿಸ್ಕೊಂಡು ಬರ್ರಿ’ ಅಂದರೆ ಎಕ್ಸ್‌ರೇ. ಬರೀ ‘ಸ್ಕ್ಯಾನಿಂಗ್’ ಅಂದರೆ ಸಾಮಾನ್ಯವಾಗಿ ಹೊಟ್ಟೆಯ ಅಲ್ಟ್ರಾಸೌಂಡ್. ಹಿರಿಯರು ಅದನ್ನೇ ಸೋನೋಗ್ರಫಿ ಅನ್ನುತ್ತಾರೆ. ಸಿಟಿಗೂ ಎಂಆರ್‌ಐಗೂ ಸ್ಕ್ಯಾನಿಂಗ್ ಎನ್ನುವವರಿದ್ದಾರೆ. ಹಾಗಾಗಿ ಕೇಂದ್ರಕ್ಕೆ ಫೋನ್ ಮಾಡಿದಾಗ ‘ಸ್ಕ್ಯಾನಿಂಗಿಗೆ ಎಷ್ಟು?’ ಎಂದು ಕೇಳಿದರೆ ಅತ್ತಲಿಂದ ಬರುವ ಉತ್ತರ ಇನ್ಯಾವುದೋ ಪರೀಕ್ಷೆಯದ್ದಾಗಿರಬಹುದು. ಚೀಟಿಯಲ್ಲಿ ಬರೆದದ್ದನ್ನು ಅಕ್ಷರಶಃ ಓದಿ ಹೇಳಿ. ಅಕ್ಷರ ತಿಳಿಯದಿದ್ದರೆ ಡಾಕ್ಟರ ಕೋಣೆಯಿಂದ ಹೊರಬೀಳುವ ಮೊದಲೇ ಕೇಳಿ.

ಚೀಟಿಯಲ್ಲಿ ನಾಲ್ಕು ಸಂಗತಿ ಇರಬೇಕು: ಯಾವ ಪರೀಕ್ಷೆ, ಯಾವ ಭಾಗ (ಎಡವೋ ಬಲವೋ ಸಹಿತ), ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಿ ಮೂಡಲು ಮೈಗೆ ಕೊಡುವ) ಔಷಧ ಹಾಕಬೇಕೋ ಬೇಡವೋ, ಮತ್ತು ಯಾಕೆ ಮಾಡಿಸುತ್ತಿದ್ದಾರೆ. ಕೊನೆಯದ್ದನ್ನೇ ಹೆಚ್ಚಾಗಿ ಬರೆದಿರುವುದಿಲ್ಲ. ‘ಹೊಟ್ಟೆನೋವು’ ಎಂದಷ್ಟೇ ಇದ್ದರೆ ರೇಡಿಯಾಲಜಿಸ್ಟ್ (ಸ್ಕ್ಯಾನ್ ನೋಡಿ ರಿಪೋರ್ಟ್ ಬರೆಯುವ ಡಾಕ್ಟರು) ಇಡೀ ಹೊಟ್ಟೆಯನ್ನು ಮೇಲ್ಮೇಲೆ ನೋಡಿ ಬಿಡುತ್ತಾರೆ. ‘ಬಲಗಡೆ ಕೆಳಹೊಟ್ಟೆ ನೋವು, ಎರಡು ದಿನದಿಂದ ಜ್ವರ’ ಎಂದಿದ್ದರೆ ಅಪೆಂಡಿಕ್ಸನ್ನು ಹುಡುಕಿ ನೋಡುತ್ತಾರೆ.

ಎಲ್ಲಿಗೆ ಹೋಗುವುದು

ಎಕ್ಸ್‌ರೇ, ಅಲ್ಟ್ರಾಸೌಂಡ್‌ಗೆ ನಿಮ್ಮ ಬಡಾವಣೆಯ ಸಣ್ಣ ಸ್ಕ್ಯಾನ್ ಸೆಂಟರ್ ಸಾಕು. ಸರ್ಕಾರಿ ವ್ಯವಸ್ಥೆಯಲ್ಲಿ ಹುಬ್ಬಳ್ಳಿ ವಿದ್ಯಾನಗರದ ಕಿಮ್ಸ್ ಮುಖ್ಯ. ಬೋರ್ಡಿನ ಮೇಲೆ ಹೆಸರು ಬದಲಾಗಿದ್ದರೂ ಆಟೋದವರಿಗೆ ‘ಕಿಮ್ಸ್’ ಅಂದರೇನೇ ತಿಳಿಯುವುದು. ಧಾರವಾಡದಲ್ಲಿ ಜಿಲ್ಲಾ ಆಸ್ಪತ್ರೆ, ಅಂದರೆ ‘ಸಿವಿಲ್’ ಇದೆ. ಎರಡೂ ಊರಿನ ನಡುವೆ ಸತ್ತೂರಿನಲ್ಲಿ ಎಸ್‌ಡಿಎಂ ಇದೆ, ಅದು ಖಾಸಗಿ. ಕಿಮ್ಸಿಗೂ ಎಸ್‌ಡಿಎಂಗೂ ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸಿನಲ್ಲೇ ಹೋಗಬಹುದು. ಗದಗ, ಹಾವೇರಿಯಲ್ಲಿ ಇರುವವರಿಗೆ ಅಲ್ಲಿಯೇ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ನೇರವಾಗಿ ಹುಬ್ಬಳ್ಳಿಗೆ ಓಡುವ ಮುನ್ನ ಅಲ್ಲಿ ಕೇಳಿ ನೋಡಿ. ಎಂಆರ್‌ಐಗೆ ಎಲ್ಲೇ ಹೋದರೂ ಮೊದಲೇ ಸಮಯ ಗೊತ್ತುಮಾಡಿಕೊಳ್ಳಿ, ಬೆಳಗಿನ ಬಸ್ಸಿಗೆ ಬಂದು ಪಾಳಿ ಹಚ್ಚಿದರೆ ಆಗುವ ಕೆಲಸ ಅದಲ್ಲ.

ಒಂದು ಸಂದರ್ಭದಲ್ಲಿ ಮಾತ್ರ ಸ್ಕ್ಯಾನ್ ಸೆಂಟರಿನ ಕಡೆ ತಿರುಗಿಯೂ ನೋಡಬೇಡಿ. ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾಯಿತು, ಒಂದು ಕೈ-ಕಾಲು ಸೋತವು, ಮಾತು ತೊದಲಿತು ಅಂದರೆ 108ಕ್ಕೆ ಕರೆ ಮಾಡಿ, ಸಿಟಿ ಇರುವ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೇ ಹೋಗಿ. ಮೆದುಳಿನಲ್ಲಿ ರಕ್ತ ಸೋರಿದೆಯೋ ಹೆಪ್ಪುಗಟ್ಟಿದೆಯೋ ಎಂದು ಸಿಟಿಯಲ್ಲಿ ನೋಡದೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವಂತಿಲ್ಲ, ಅದನ್ನು ಕೊಡುವ ಅವಧಿಯೂ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ.

ಅಲ್ಟ್ರಾಸೌಂಡ್: ಹೊಟ್ಟೆ ಖಾಲಿ, ಚೀಲ ತುಂಬಿ

ಹೆಚ್ಚು ಜನ ವಾಪಸ್ ಬರುವುದು ಈ ಪರೀಕ್ಷೆಯಲ್ಲೇ. ಯಂತ್ರದ ದೋಷ ಅಪರೂಪ, ಮನೆಯಲ್ಲಿ ಮಾಡಿಕೊಂಡ ತಯಾರಿಯೇ ತಪ್ಪಿರುತ್ತದೆ. ಮೇಲ್ಹೊಟ್ಟೆಯ ಪರೀಕ್ಷೆಗೆ 6ರಿಂದ 8 ಗಂಟೆ ಏನೂ ತಿನ್ನಬಾರದು. ಇದು ಏಕಾದಶಿಯ ಉಪವಾಸವಲ್ಲ: ಸಾಬೂದಾಣಿ, ಬಾಳೆಹಣ್ಣು, ಹಾಲು, ಚಹಾ ಯಾವುದೂ ನಡೆಯದು. ಊಟದಲ್ಲಿ ಜಿಡ್ಡು ಹೋದೊಡನೆ ಪಿತ್ತಕೋಶ ಕುಗ್ಗುತ್ತದೆ, ಕುಗ್ಗಿದ ಚೀಲದಲ್ಲಿ ಹಳ್ಳು (ಕಲ್ಲು) ಇದ್ದರೂ ಸರಿಯಾಗಿ ಕಾಣುವುದಿಲ್ಲ. ಎಲೆ-ಅಡಿಕೆ, ಗುಟ್ಕಾ, ಬೀಡಿಯೂ ಬೇಡ, ಅವುಗಳ ಜೊತೆ ನುಂಗುವ ಗಾಳಿ ಶಬ್ದದ ಅಲೆಗಳನ್ನು ತಡೆಯುತ್ತದೆ. ಬಿಪಿ ಮಾತ್ರೆಯನ್ನು ಒಂದು ಗುಟುಕು ನೀರಿನಲ್ಲಿ ತೆಗೆದುಕೊಳ್ಳಬಹುದು. ಸಕ್ಕರೆ ಕಾಯಿಲೆಯವರು ಬೆಳಗಿನ ಮೊದಲ ಸಮಯವನ್ನೇ ಕೇಳಿ ಪಡೆಯಿರಿ; ಖಾಲಿ ಹೊಟ್ಟೆಯಲ್ಲಿ ಇನ್ಸುಲಿನ್ ಅಥವಾ ಮಾತ್ರೆಯ ಬಗ್ಗೆ ಬರೆದುಕೊಟ್ಟ ಡಾಕ್ಟರನ್ನೇ ಹಿಂದಿನ ದಿನ ಕೇಳಿರಿ.

ಕೆಳಹೊಟ್ಟೆ, ಗರ್ಭಕೋಶ, ಗಂಡಸರ ಪ್ರಾಸ್ಟೇಟ್ ಗ್ರಂಥಿ ನೋಡಲು ಮೂತ್ರಚೀಲ ತುಂಬಿರಬೇಕು. ತುಂಬಿದ ಚೀಲ ಕರುಳನ್ನು ಮೇಲಕ್ಕೆ ತಳ್ಳಿ ಹಿಂದಿನ ಅಂಗ ಕಾಣಲು ಕಿಟಕಿಯಂತಾಗುತ್ತದೆ. ಪರೀಕ್ಷೆಗೆ ಒಂದು ಗಂಟೆ ಮುಂಚೆ 4-5 ಗ್ಲಾಸ್ ನೀರು ಕುಡಿದು ಒಂದಕ್ಕೆ ಹೋಗದೆ ಕೂರಿ. ಹಳ್ಳಿಯಿಂದ ಬರುವವರು ಮನೆಯಲ್ಲೇ ನೀರು ಕುಡಿದು ಬಸ್ ಹತ್ತಬೇಡಿ. ನಮ್ಮ ರಸ್ತೆಗಳು ಅದನ್ನು ಉಳಿಯಗೊಡುವುದಿಲ್ಲ. ಕೇಂದ್ರಕ್ಕೆ ಬಂದು, ಪಾಳಿ ಎಷ್ಟಿದೆ ನೋಡಿ, ಆಮೇಲೆ ಕುಡಿಯಿರಿ. ‘ಅಬ್ಡೊಮೆನ್ ಅಂಡ್ ಪೆಲ್ವಿಸ್’ (ಹೊಟ್ಟೆ ಮತ್ತು ಕೆಳಹೊಟ್ಟೆ) ಎಂದು ಬರೆದಿದ್ದರೆ ಎರಡೂ ನಿಯಮ ಕೂಡಿ ಅನ್ವಯ: ಅನ್ನ ಇಲ್ಲ, ನೀರು ಉಂಟು. ಪ್ರಾಸ್ಟೇಟ್ ತೋರಿಸಲು ಬಂದ ಹಿರಿಯರು ಮೂತ್ರಕ್ಕೆ ಹೋಗಿ ಬಂದು ಇನ್ನೊಮ್ಮೆ ಮಲಗಬೇಕು, ಎಷ್ಟು ಮೂತ್ರ ಒಳಗೇ ಉಳಿಯಿತು ಎಂಬುದೇ ಅಲ್ಲಿ ಮುಖ್ಯ ಲೆಕ್ಕ. ‘ಆತು’ ಎಂದು ಮನೆಗೆ ಹೋಗಬೇಡಿ.

ಕಿಡ್ನಿ ಹಳ್ಳಿನ ನೋವಿಗೆ ಅಲ್ಟ್ರಾಸೌಂಡ್ ಮಾಡಿಸಿ ‘ಏನೂ ಇಲ್ಲ’ ಎಂದು ಬಂದರೂ ನೋವು ನಿಲ್ಲದಿದ್ದರೆ ಡಾಕ್ಟರು ಸಿಟಿ ಬರೆಯಬಹುದು. ಇದು ರೊಕ್ಕ ಕೀಳುವ ಉಪಾಯ ಎಂದುಕೊಳ್ಳಬೇಡಿ. ಮೂತ್ರನಾಳದ ನಡುಭಾಗದ ಸಣ್ಣ ಹಳ್ಳು ಅಲ್ಟ್ರಾಸೌಂಡಿಗೆ ತಪ್ಪಿಹೋಗುತ್ತದೆ, ಯೂರಿಕ್ ಆಸಿಡ್ ಹಳ್ಳು ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ. ಔಷಧ ಹಾಕದ ಸಾದಾ ಸಿಟಿಯಲ್ಲಿ ಬಹುತೇಕ ಎಲ್ಲ ಹಳ್ಳುಗಳೂ ಕಾಣುತ್ತವೆ.

ಬಸುರಿಯರ ಸ್ಕ್ಯಾನ್

ಕೊನೆಯ ಮುಟ್ಟಿನ ತಾರೀಖನ್ನು ಬರೆದುಕೊಂಡು ಹೋಗಿ, ಎಲ್ಲ ಲೆಕ್ಕವೂ ಅದರಿಂದಲೇ. ಎನ್‌ಟಿ ಸ್ಕ್ಯಾನ್ (ಮಗುವಿನ ಕತ್ತಿನ ಹಿಂಭಾಗದ ನೀರಿನ ಪದರದ ಅಳತೆ) 11 ವಾರದಿಂದ 13 ವಾರ 6 ದಿನದೊಳಗೆ ಆಗಬೇಕು. ಆ ಅವಧಿ ದಾಟಿದರೆ ಆ ಅಳತೆಗೆ ಅರ್ಥವಿಲ್ಲ, ಮತ್ತೆ ಮಾಡಿಸಲೂ ಬರುವುದಿಲ್ಲ. ಮಗುವಿನ ಅಂಗಾಂಗ ನೋಡುವ ಅನಾಮಲಿ ಸ್ಕ್ಯಾನ್ 18ರಿಂದ 20 ವಾರದ ಸುಮಾರಿಗೆ. ಕುಬಸ (ಸೀಮಂತ) ಮುಗಿಸಿ ತವರಿಗೆ ಹೋಗುವ ರೂಢಿ ಇರುವ ಮನೆಗಳಲ್ಲಿ ಈ ಸ್ಕ್ಯಾನ್ ಎರಡೂ ಊರಿನ ನಡುವೆ ಜಾರಿಹೋಗುತ್ತದೆ. ಹೊರಡುವ ಮೊದಲೇ ಮಾಡಿಸಿ, ರಿಪೋರ್ಟುಗಳ ಫೈಲನ್ನು ತಾಯಿಯ ಚೀಲದಲ್ಲೇ ಇಡಿ.

ಕೇಂದ್ರದಲ್ಲಿ ಫಾರ್ಮ್ ಎಫ್ ತುಂಬಿಸುತ್ತಾರೆ: ಹೆಸರು, ವಿಳಾಸ, ಗಂಡ ಅಥವಾ ತಂದೆಯ ಹೆಸರು, ಇರುವ ಮಕ್ಕಳೆಷ್ಟು, ಕಳಿಸಿದ ಡಾಕ್ಟರು ಯಾರು, ಜೊತೆಗೆ ತಾಯಿಯ ಸಹಿ. ಆಧಾರ್‌ನಲ್ಲಿ ಹಳೆಯ ಊರಿನ ವಿಳಾಸ ಇದ್ದರೆ ಇಲ್ಲಿನ ಮನೆಯ ವಿಳಾಸವನ್ನೂ ಹೇಳಿ. ಇದು 1994ರ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆಯ ಅಗತ್ಯ, ಅವರ ಕುತೂಹಲವಲ್ಲ. ಗಂಡೋ ಹೆಣ್ಣೋ ಎಂದು ನಗುತ್ತಾ ಕೇಳುವುದೂ ಬೇಡ. ಲಿಂಗಪತ್ತೆಗೆ ಒತ್ತಾಯಿಸುವ ಗಂಡ, ಅತ್ತೆ, ಮಾವ ಯಾರಿಗಾದರೂ ಮೊದಲ ಸಲವೇ 3 ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ ಆಗಬಹುದು.

ಎಕ್ಸ್‌ರೇ

ಉಪವಾಸ ಸಾಮಾನ್ಯವಾಗಿ ಬೇಡ. ತೊಂದರೆ ಬರುವುದು ಮೈಮೇಲಿನ ಲೋಹದಿಂದ. ಸೊಂಟದ ಎಕ್ಸ್‌ರೇಯಲ್ಲಿ ಬೆಳ್ಳಿ ಉಡದಾರ, ಎದೆಯದ್ದರಲ್ಲಿ ತಾಳಿ, ತಾಯಿತ, ಲಿಂಗದ ಬೆಳ್ಳಿ ಕರಡಿಗೆ, ಸೀರೆಯ ಪಿನ್ನು, ಕುತ್ತಿಗೆಯದ್ದರಲ್ಲಿ ಕಿವಿಯ ಬೆಂಡೋಲೆ ಬೆಳ್ಳಗೆ ಮೂಡುತ್ತವೆ. ಬೇಕಾದ ಜಾಗವನ್ನೇ ಮುಚ್ಚಿದರೆ ಮತ್ತೆ ತೆಗೆಯಬೇಕು. ತಾಳಿ, ಲಿಂಗವನ್ನು ತೆಗೆಯಲು ಮನಸ್ಸಿಲ್ಲದವರು ಹಾಗೆಂದು ಟೆಕ್ನಿಷಿಯನ್‌ಗೆ ಹೇಳಿ. ಫೋಟೋ ಬೀಳುವ ಭಾಗದಿಂದ ಆಚೆ ಸರಿಸಿಕೊಂಡರೆ ಸಾಕಾಗುತ್ತದೆ. ಮುಟ್ಟು ತಡವಾಗಿದ್ದರೆ, ಬಸಿರಿನ ಅನುಮಾನವಿದ್ದರೆ ಯಂತ್ರ ಹಚ್ಚುವ ಮೊದಲೇ ಹೇಳಬೇಕು.

ಬಿದ್ದು ಮುಂಗೈ ಊರಿಕೊಂಡವರಿಗೆ ಮೊದಲ ದಿನದ ಎಕ್ಸ್‌ರೇ ಸರಿಯಾಗಿದ್ದರೂ ಹೆಬ್ಬೆರಳಿನ ಬುಡದ ಮಣಿಕಟ್ಟಿನಲ್ಲಿ ನೋವು ಉಳಿದರೆ, 10-14 ದಿನದ ಮೇಲೆ ಇನ್ನೊಂದು ತೆಗೆಸಲು ಹೇಳುತ್ತಾರೆ. ಅಲ್ಲಿನ ಸಣ್ಣ ಎಲುಬಿನ ಕೂದಲೆಳೆಯ ಬಿರುಕು ಮೊದಲು ಕಾಣುವುದಿಲ್ಲ.

ಸಿಟಿ

ಎದೆಯ ಒಂದು ಎಕ್ಸ್‌ರೇಗೆ ತಗಲುವ ವಿಕಿರಣ ಸುಮಾರು 0.1 ಮಿಲಿಸೀವರ್ಟ್, ಹೊಟ್ಟೆಯ ಸಿಟಿಗೆ 8ರ ಆಸುಪಾಸು. ಅದಕ್ಕೇ ‘ತಲೆನೋವು, ಒಮ್ಮೆ ಸಿಟಿ ಮಾಡಿಸಿಬಿಡೋಣ’ ಎಂದು ನಾವೇ ತೀರ್ಮಾನಿಸುವುದು ಸರಿಯಲ್ಲ, ಮಕ್ಕಳ ವಿಷಯದಲ್ಲಂತೂ ಅಲ್ಲವೇ ಅಲ್ಲ. ಡಾಕ್ಟರು ಅಗತ್ಯ ಎಂದಾಗ ಹೆದರಿ ಹಿಂಜರಿಯುವುದೂ ಬೇಡ.

ಕಾಂಟ್ರಾಸ್ಟ್ ಇದ್ದರೆ ಅದು ಅಯೋಡಿನ್ ಔಷಧ, ಕಿಡ್ನಿಯ ಮೂಲಕ ಹೊರಹೋಗುವಂಥದ್ದು. ಆದ್ದರಿಂದ ಇತ್ತೀಚಿನ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತೋರಿಸುವ ರಕ್ತಪರೀಕ್ಷೆ) ರಿಪೋರ್ಟ್ ಕೇಳುತ್ತಾರೆ; ಅದಿಲ್ಲದೆ ಹೋದರೆ ರಕ್ತ ಕೊಟ್ಟು ಕಾಯಬೇಕು. ಹಿಂದೆ ಇಂಥ ಔಷಧಕ್ಕೆ ಅಲರ್ಜಿ ಆಗಿದ್ದರೆ, ದಮ್ಮು (ಅಸ್ತಮಾ) ಇದ್ದರೆ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ನಡೆದಿದ್ದರೆ ತಿಳಿಸಿ. ಆದರೆ ಆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಔಷಧ ಒಳಹೋಗುವಾಗ ಮೈಯೆಲ್ಲ ಬಿಸಿಯಾಗಿ, ಬಾಯಲ್ಲಿ ಲೋಹದ ರುಚಿ ಬಂದು, ಮೂತ್ರ ಹೋದಂತೆ ಅನ್ನಿಸುತ್ತದೆ. ಹೋಗಿರುವುದಿಲ್ಲ. ತುರಿಕೆ, ಉಸಿರು ಕಟ್ಟಿದಂತೆ ಆದರೆ ಮಾತ್ರ ಕೂಡಲೇ ಕೂಗಿ ಹೇಳಿ. ಮುಗಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತು, ಆಮೇಲೆ ಸೂಜಿ ತೆಗೆಸಿಕೊಂಡು ಹೋಗಿ.

ಎಂಆರ್‌ಐ

ಇದರಲ್ಲಿ ವಿಕಿರಣ ಇಲ್ಲ, ಅಯಸ್ಕಾಂತ ಇದೆ. ಪರೀಕ್ಷೆ ನಡೆಯದಿದ್ದಾಗಲೂ ಅದರ ಸೆಳೆತ ಇದ್ದೇ ಇರುತ್ತದೆ. ಆದ್ದರಿಂದ ರೋಗಿಯ ಜೊತೆ ಒಳಹೋಗುವವರೂ ಕೀಲಿ, ಮೊಬೈಲ್, ಎಟಿಎಂ ಕಾರ್ಡು, ಪಿನ್ನು ಎಲ್ಲ ಹೊರಗಿಡಬೇಕು. ಇಲ್ಲಿ ಎಕ್ಸ್‌ರೇಯಂತೆ ಆಭರಣ ‘ಸರಿಸಿಕೊಂಡರೆ’ ನಡೆಯದು. ಬಿಗಿಯಾದ ಕಾಲುಂಗುರ, ಬಳೆಗಳನ್ನು ಮನೆಯಲ್ಲೇ ಸೋಪು ಹಚ್ಚಿ ತೆಗೆದು ಬನ್ನಿ. ಪೇಸ್‌ಮೇಕರ್, ಕಿವಿಯೊಳಗಿನ ಕಾಕ್ಲಿಯರ್ ಯಂತ್ರ, ಮೆದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್ ಇದ್ದರೆ ಸಮಯ ಗೊತ್ತುಮಾಡುವಾಗಲೇ ತಿಳಿಸಿ, ಆಪರೇಷನ್‌ನ ಡಿಸ್ಚಾರ್ಜ್ ಕಾಗದ ತನ್ನಿ. ಲೇಥ್, ವೆಲ್ಡಿಂಗ್, ಗ್ರೈಂಡಿಂಗ್ ಕೆಲಸದವರು ಕಣ್ಣಿಗೆ ಎಂದಾದರೂ ಕಬ್ಬಿಣದ ಕಿಡಿ ಸಿಡಿದಿತ್ತೇ ಎಂದು ನೆನಪಿಸಿಕೊಳ್ಳಿ. ಚೂರು ಒಳಗೇ ಉಳಿದಿದ್ದರೆ ಅಯಸ್ಕಾಂತ ಅದನ್ನು ಅಲುಗಿಸಿ ಕಣ್ಣಿಗೆ ಗಾಯ ಮಾಡುತ್ತದೆ, ಅದಕ್ಕೇ ಮೊದಲು ಕಣ್ಣಿನ ಎಕ್ಸ್‌ರೇ ತೆಗೆಯುತ್ತಾರೆ.

20ರಿಂದ 45 ನಿಮಿಷ ಅಲ್ಲಾಡದೆ ಮಲಗಬೇಕು, ಸದ್ದು ಜೋರು. ಇಕ್ಕಟ್ಟಿಗೆ ಹೆದರುವವರು ಮೊದಲೇ ಹೇಳಿದರೆ ಕೈಗೆ ಕೊಡುವ ಒತ್ತುಗುಂಡಿಯನ್ನು ತೋರಿಸುತ್ತಾರೆ, ಒತ್ತಿದರೆ ಹೊರಗೆಳೆಯುತ್ತಾರೆ. ಔಷಧ ಕೊಟ್ಟು ನಿದ್ದೆ ಬರಿಸಿ ಮಾಡಬೇಕಾದ ಮಗುವಿಗೆ 6 ಗಂಟೆ ಊಟ, 4 ಗಂಟೆ ಎದೆಹಾಲು, 2 ಗಂಟೆ ನೀರು ಬಿಟ್ಟಿರಬೇಕು.

ರೊಕ್ಕ ಮತ್ತು ಫಿಲ್ಮು

ಖಾಸಗಿ ಕೇಂದ್ರಗಳು ದರಪಟ್ಟಿಯನ್ನು ಕಾಣುವಂತೆ ಹಾಕಬೇಕು. ಕಾಂಟ್ರಾಸ್ಟ್ ಔಷಧ, ಫಿಲ್ಮು, ಸಿಡಿ ಅದರಲ್ಲೇ ಸೇರಿವೆಯೇ ಎಂದು ರಸೀದಿ ಹರಿಯುವ ಮೊದಲು ಕೇಳಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಮುಖ್ಯವಾಗಿ ದಾಖಲಾಗಿ ಪಡೆಯುವ ಚಿಕಿತ್ಸೆಗೆ ಇರುವ ಯೋಜನೆ. ಕಾರ್ಡ್ ಹಿಡಿದು ಖಾಸಗಿ ಸ್ಕ್ಯಾನ್ ಸೆಂಟರಿಗೆ ಹೋದರೆ ದರ ಇಳಿಯುತ್ತದೆ ಎಂದು ನಂಬಿಕೊಳ್ಳಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ರೇಷನ್ ಕಾರ್ಡ್ ಮತ್ತು ಆಧಾರ್ ಎರಡನ್ನೂ ದುಡ್ಡು ಕಟ್ಟುವ ಮೊದಲೇ ತೋರಿಸಿ.

ಫಿಲ್ಮು ಕೈಗೆ ಬಂದೊಡನೆ ಕೌಂಟರಿನ ಎದುರೇ ಹೆಸರು, ವಯಸ್ಸು, ತಾರೀಖು, ಎಡ-ಬಲದ ಗುರುತು ನೋಡಿಕೊಳ್ಳಿ. ಬಸವರಾಜ, ಮಂಜುನಾಥ, ಶಾಂತವ್ವ ಒಂದೇ ದಿನ ನಾಲ್ಕು ಮಂದಿ ಬಂದಿರುತ್ತಾರೆ, ತಂದೆಯ ಅಥವಾ ಗಂಡನ ಹೆಸರನ್ನೂ ಸೇರಿಸಿ ಬರೆಸಿ. ಮೊಬೈಲಿನಲ್ಲಿ ತೆಗೆದ ಫಿಲ್ಮಿನ ಫೋಟೋ ಬೇರೆ ಊರಿನ ತಜ್ಞರಿಗೆ ಉಪಯೋಗಕ್ಕೆ ಬಾರದು. ಸಿಟಿ, ಎಂಆರ್‌ಐ ಆದರೆ ಸಿಡಿ ಅಥವಾ ಲಿಂಕ್ ಕೇಳಿ ಪಡೆಯಿರಿ. ಹಳೆಯ ಫಿಲ್ಮುಗಳನ್ನು ಪ್ರತಿ ಸಲವೂ ಒಯ್ಯಿರಿ, ಗಂಟು ಬೆಳೆದಿದೆಯೋ ಇದ್ದಷ್ಟೇ ಇದೆಯೋ ಎಂದು ಹೇಳಲು ಹೋಲಿಕೆ ಬೇಕು. ಈಗಿನ ಫಿಲ್ಮು ಶಾಖಕ್ಕೆ ಕಪ್ಪಾಗುತ್ತದೆ: ಏಪ್ರಿಲ್ ಬಿಸಿಲಲ್ಲಿ ಕಾರಿನೊಳಗೆ, ತಗಡಿನ ಅಟ್ಟದ ಮೇಲೆ ಬೇಡ, ಮಡಚದೆ, ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿಡಿ.