ಉರಿಯೂತ ಇಳಿಯಿತೋ, ಕೋಶವೇ ಸತ್ತಿತೋ?

ಗಿಡಮೂಲಿಕೆಯ ಸಾರ ಉರಿಯೂತ ತಗ್ಗಿಸುತ್ತದೆಯೇ ಎಂದು ನೋಡಲು ಲ್ಯಾಬ್‌ಗಳಲ್ಲಿ ಹೆಚ್ಚಾಗಿ ಬಳಸುವುದು ಇಲಿಯ ಮ್ಯಾಕ್ರೋಫೇಜ್ (ರೋಗಾಣುಗಳನ್ನು ನುಂಗುವ ರಕ್ಷಣಾ ಕೋಶ) ಕೋಶಗಳನ್ನು, ಅಂದರೆ ರಾ 264.7 ತಳಿಯನ್ನು. ಬ್ಯಾಕ್ಟೀರಿಯಾದ ಹೊರಪದರದ ಎಲ್‌ಪಿಎಸ್ ಹಾಕಿದರೆ ಇವು ಕೆರಳಿ, ಉರಿಯೂತದ ಗುರುತಾದ ನೈಟ್ರಿಕ್ ಆಕ್ಸೈಡ್ ಬಿಡುತ್ತವೆ. ಸಾರ ಹಾಕಿದಾಗ ಅದು ಕಡಿಮೆಯಾಯಿತೇ? ಇಷ್ಟೇ ಪ್ರಶ್ನೆ. ಆದರೆ ವಿದ್ಯಾರ್ಥಿಗಳು ಖುಷಿಯಿಂದ ತಂದು ತೋರಿಸಿದ ಎಷ್ಟೋ ಗ್ರಾಫ್‌ಗಳಲ್ಲಿ ಕೋಶಗಳು ಶಾಂತವಾಗಿರಲಿಲ್ಲ, ಸತ್ತಿದ್ದವು.

1. ಸಾರ: ಒಣಗಿಸಿ, ಪುಡಿ ಮಾಡಿ, ಎಥನಾಲ್‌ನಲ್ಲಿ ನೆನೆಸಿ, ಸೋಸಿ, ಎಥನಾಲ್ ಆವಿ ಮಾಡಿ. ಉಳಿದದ್ದನ್ನು ಡಿಎಂಎಸ್ಒ ಎಂಬ ದ್ರಾವಕದಲ್ಲಿ ಕರಗಿಸಿ. ಕೋಶಗಳ ಮೇಲೆ ಡಿಎಂಎಸ್ಒ ಶೇ 0.1 ದಾಟಬಾರದು. ಪ್ಲೇಟಿನಲ್ಲಿ ಸಾರವಿಲ್ಲದ ಗುಳಿಗೂ (ಕೋಶ ಬೆಳೆಸುವ ಪುಟ್ಟ ಕುಳಿ) ಅಷ್ಟೇ ಡಿಎಂಎಸ್ಒ ಹಾಕಿ.

2. ಕೋಶ: 96 ಗುಳಿಗಳ ಪ್ಲೇಟಿನಲ್ಲಿ ಹಾಕಿ, 37 ಡಿಗ್ರಿ, ಶೇ 5 ಇಂಗಾಲದ ಡೈಆಕ್ಸೈಡ್‌ನಲ್ಲಿ ರಾತ್ರಿಯಿಡೀ ಬಿಡಿ.

3. ಪ್ರಮಾಣ ಗೊತ್ತು ಮಾಡುವುದು: ಎಲ್ಲರೂ ಎಡವುವುದು ಇಲ್ಲೇ. ಸಾರವನ್ನು ಜಾಸ್ತಿ ಹಾಕಿದಷ್ಟೂ ನೈಟ್ರಿಕ್ ಆಕ್ಸೈಡ್ ಇಳಿಯುತ್ತದೆ, ನಿಜ. ಸತ್ತ ಕೋಶ ಏನನ್ನು ತಾನೇ ಬಿಟ್ಟೀತು? ಅದಕ್ಕೇ ಮೊದಲು ಎಂಟಿಟಿ ಪರೀಕ್ಷೆ. ಬದುಕಿರುವ ಕೋಶ ಹಳದಿ ಎಂಟಿಟಿಯನ್ನು ನೇರಳೆ ಮಾಡುತ್ತದೆ. ಇಲ್ಲೂ ಒಂದು ಮೋಸವಿದೆ: ಗಿಡದ ಪಾಲಿಫಿನಾಲ್‌ಗಳು ಕೋಶವೇ ಇಲ್ಲದೆಯೂ ಎಂಟಿಟಿಯನ್ನು ನೇರಳೆ ಮಾಡಬಲ್ಲವು. ಸತ್ತದ್ದೂ ಬದುಕಿದಂತೆ ಕಾಣುತ್ತದೆ! ಹಾಗಾಗಿ ಸಾರವನ್ನು ತೊಳೆದು ತೆಗೆದ ಮೇಲೆಯೇ ಎಂಟಿಟಿ ಹಾಕಿ. ಕೋಶವಿಲ್ಲದೆ ಸಾರ ಮಾತ್ರ ಇರುವ ಗುಳಿಯನ್ನೂ ಇಡಿ. ಎಲ್‌ಪಿಎಸ್ ಜೊತೆಗೂ ಒಮ್ಮೆ ಪರೀಕ್ಷಿಸಿ, ಏಕೆಂದರೆ ಎರಡೂ ಸೇರಿದಾಗ ಕೋಶ ಬೇಗ ಸೋಲಬಹುದು. ಶೇ 80 ಬದುಕಿದ್ದರೆ ಸಾಕು ಎನ್ನುವವರಿದ್ದಾರೆ. ನಾನು 90ಕ್ಕಿಂತ ಕೆಳಗೆ ಒಪ್ಪುವುದಿಲ್ಲ. ಅಂಕಿ ಏನೇ ಹೇಳಲಿ, ಸೂಕ್ಷ್ಮದರ್ಶಕದಲ್ಲಿ ಒಮ್ಮೆ ಕಣ್ಣು ಹಾಯಿಸಿ. ಎರಡು ನಿಮಿಷದ ಕೆಲಸ, ಆದರೂ ಯಾರೂ ಮಾಡುವುದಿಲ್ಲ.

4. ಕೆರಳಿಸುವುದು: ಸಾರ ಹಾಕಿ ಒಂದು ಗಂಟೆ ಬಿಟ್ಟು ಎಲ್‌ಪಿಎಸ್ ಹಾಕಿ, 24 ಗಂಟೆ ಕಾಯಿರಿ. ಎಲ್‌ಪಿಎಸ್ ಇಲ್ಲದೆ ಸಾರ ಮಾತ್ರ ಹಾಕಿದ ಗುಳಿ ಬೇಕೇ ಬೇಕು. ಅಲ್ಲೂ ನೈಟ್ರಿಕ್ ಆಕ್ಸೈಡ್ ಏರಿದರೆ ನಿಮ್ಮ ಸಾರದಲ್ಲೇ ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್, ಅಂದರೆ ಎಲ್‌ಪಿಎಸ್ಸೇ, ಸೇರಿರಬಹುದು. ಎಲ್‌ಪಿಎಸ್ಸನ್ನು ಕಟ್ಟಿಹಾಕುವ ಪಾಲಿಮಿಕ್ಸಿನ್ ಬಿ ಹಾಕಿದಾಗ ಏರಿಕೆ ನಿಂತರೆ ಅನುಮಾನ ನಿಜವಾದಂತೆ. ಹೋಲಿಕೆಗೆ ಉರಿಯೂತ ಇಳಿಸುವ ಔಷಧಿ ಡೆಕ್ಸಾಮೆಥಾಸೋನ್ ಹಾಕಿದ ಗುಳಿಯೂ ಇರಲಿ.

5. ಅಳೆಯುವುದು: ಕೋಶಗಳ ಮೇಲಿನ ದ್ರವವನ್ನು ತೆಗೆದು, ಅದಕ್ಕೆ ಅಷ್ಟೇ ಪ್ರಮಾಣದ ಗ್ರೀಸ್ ದ್ರಾವಣ (ನೈಟ್ರೈಟ್ ಇದ್ದರೆ ಬಣ್ಣ ತಿರುಗುವ ದ್ರಾವಣ) ಸೇರಿಸಿ, ಹತ್ತು ನಿಮಿಷದ ನಂತರ 540 ನ್ಯಾನೊಮೀಟರ್‌ನಲ್ಲಿ ಓದಿ. ಇದು ಅಳೆಯುವುದು ನೈಟ್ರಿಕ್ ಆಕ್ಸೈಡ್‌ನಿಂದ ಆದ ನೈಟ್ರೈಟನ್ನು. ಬಾಟಲಿಯಲ್ಲೇ ಬಣ್ಣ ತಿರುಗಿದ ಹಳೇ ಗ್ರೀಸ್ ದ್ರಾವಣವನ್ನು ಸುಮ್ನೆ ಚೆಲ್ಲಿಬಿಡಿ. ಸಾರಕ್ಕೇ ಗಾಢ ಬಣ್ಣವಿದ್ದರೆ ಆ ಬಣ್ಣದ ಅಂಕಿಯನ್ನು ಕಳೆಯಬೇಕು.

ಒಂದು ಅಡ್ಡದಾರಿ ಮಾತ್ರ ನನಗೆ ಇಷ್ಟ: ದ್ರವವನ್ನು ಗ್ರೀಸ್‌ಗೆ ತೆಗೆದುಕೊಂಡು, ಅದೇ ಪ್ಲೇಟಿನ ಕೋಶಗಳನ್ನು ತೊಳೆದು ಎಂಟಿಟಿ ಹಾಕುವುದು. ಯಾವ ಗುಳಿಯಲ್ಲಿ ನೈಟ್ರೈಟ್ ಇಳಿಯಿತೋ ಅದೇ ಗುಳಿಯ ಕೋಶ ಬದುಕಿದೆಯೇ ಎಂದು ಅಲ್ಲೇ ಗೊತ್ತಾಗುತ್ತದೆ.